ಹುಕುಂ, ಹಕೀಮ ಒಂದೇ ಮನೆಯವರು. ಹಕ್ಕು ಪಕ್ಕದ ಮನೆಯದು

ಪ್ರಶ್ನೆ: ನಮ್ಮ ತಂದೆ ಹಿಂದೆ ಬಗರ್ ಹುಕುಂ ಜಮೀನು ಸಕ್ರಮಕ್ಕೆ ನಮೂನೆ 53ರಲ್ಲಿ ಅರ್ಜಿ ಹಾಕಿದ್ದರು. ಮೊನ್ನೆ ಆ ಕಾಗದದ ಗಂಟು ಬಿಚ್ಚಿ ಕೂತಿದ್ದಾಗ, ಕಾಲೇಜಿಗೆ ಹೋಗುವ ನನ್ನ ಮಗಳು ಹುಕುಂ ಅಂದರೇನು ಅಂತ ಕೇಳಿದಳು. ಆಜ್ಞೆ ಅಂದೆ. ಅದಕ್ಕೆ ಅವಳು, "ಹಾಗಾದ್ರೆ ಹುಕುಂ, ಹಕೀಮ, ಹಕ್ಕು ಎಲ್ಲ ಒಂದೇ ಬೇರಿನ ಪದಗಳಾ? ಎಲ್ಲದರಲ್ಲೂ ಹ, ಕ ಇದೆಯಲ್ಲ" ಅಂದಳು. ಅರಬ್ಬಿಯಲ್ಲಿ ಮೂರಕ್ಷರದ ಬೇರಿನಿಂದ ಪದಗಳು ಹುಟ್ಟುತ್ತವೆ, ಪ್ರತಿ ಬೇರಿಗೂ ಒಂದೇ ಮೂಲ ಅರ್ಥ ಇರುತ್ತದೆ ಅಂತ ಅವಳು ಎಲ್ಲೋ ಓದಿದ್ದಾಳೆ. ಹುಕುಂ ಪದದ ಮೂಲ ಕುದುರೆಯ ಕಡಿವಾಣ ಅಂತ ಪರಿಚಯದವರೊಬ್ಬರು ಹೇಳಿದರು. ಇದು ನಿಜವಾ? ಹಾಗೇ, 'ಬಗರ್' ಸರಿಯೋ 'ಬಗೈರ್' ಸರಿಯೋ?
— ತುಮಕೂರು ಜಿಲ್ಲೆಯ ಓದುಗರೊಬ್ಬರು

ಉತ್ತರ: ನಿಮ್ಮ ಮಗಳ ಊಹೆ ಮುಕ್ಕಾಲು ಪಾಲು ಸರಿ. ಹುಕುಂ ಮತ್ತು ಹಕೀಮ ಒಂದೇ ಬೇರಿನವು. ಹಕ್ಕು ಮಾತ್ರ ಬೇರೆ ಮನೆಯದು. ಕನ್ನಡದಲ್ಲಿ ಬರೆದಾಗ ಮೂರೂ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ಅದು ನಮ್ಮ ಲಿಪಿ ಮಾಡುವ ಮೋಸ, ಆಮೇಲೆ ಬಿಡಿಸುತ್ತೇನೆ. ಮೊದಲು ಈ 'ಬೇರು' ಅನ್ನೋದು ಏನು ಅಂತ ನೋಡೋಣ.

ಕನ್ನಡದಲ್ಲಿ ನಾವು ಪದದ ಬಾಲಕ್ಕೆ ಅಂಟಿಸುತ್ತಾ ಹೋಗುತ್ತೇವೆ. ಮನೆ, ಮನೆಗೆ, ಮನೆಯವರು, ಮನೆತನ. 'ಮನೆ' ಅನ್ನುವ ತುಂಡು ಕೂತಲ್ಲೇ ಕೂತಿರುತ್ತದೆ. ಅರಬ್ಬಿಯಲ್ಲಿ ಬಾಲಕ್ಕೂ ಅಂಟಿಸುತ್ತಾರೆ, ತಲೆಗೂ ಅಂಟಿಸುತ್ತಾರೆ, ಅದಕ್ಕಿಂತ ಜಾಸ್ತಿಯಾಗಿ ಪದದ ಹೊಟ್ಟೆಯೊಳಗೇ ಕೈ ಹಾಕುತ್ತಾರೆ. ಅಲ್ಲಿ ಅಲ್ಲಾಡದೆ ನಿಲ್ಲುವುದು ಸಾಮಾನ್ಯವಾಗಿ ಮೂರು ವ್ಯಂಜನ. ಅವುಗಳ ಸರದಿ ಬದಲಾಗುವುದಿಲ್ಲ. ನಡುವಿನ ಸ್ವರ ಬದಲಾಗುತ್ತದೆ, ಹಿಂದೆ ಮುಂದೆ ಒಂದೆರಡು ಅಕ್ಷರ ಬಂದು ಸೇರುತ್ತವೆ.

ನಿಮ್ಮ ಪದದ ಬೇರು ಹ–ಕ–ಮ. ಇದರಿಂದ ಹುಕ್ಮ್ ಅಂದರೆ ತೀರ್ಪು, ಆಜ್ಞೆ. ಹಾಕಿಮ್ ಅಂದರೆ ಆಳುವವನು, ತೀರ್ಪು ಕೊಡುವವನು. ಹಕೀಮ್ ಅಂದರೆ ವಿವೇಕಿ. ಹಿಕ್ಮ ಅಂದರೆ ವಿವೇಕ. ಹಕಮ್ ಅಂದರೆ ಜಗಳ ಬಗೆಹರಿಸುವ ಮಧ್ಯಸ್ಥ. ಇವತ್ತಿನ ಅರಬ್ಬಿಯಲ್ಲಿ ಫುಟ್ಬಾಲ್ ರೆಫರಿಗೂ ಇದೇ ಪದ. ಹುಕೂಮ ಅಂದರೆ ಸರ್ಕಾರ. ಮಹಕಮ ಅಂದರೆ ನ್ಯಾಯಾಲಯ. ಮಹಕೂಮ್ ಅಂದರೆ ಯಾರ ಮೇಲೆ ತೀರ್ಪು ಬಿತ್ತೋ ಅವನು.

ನಾನು ಅರಬ್ಬಿ ಕಲಿಯಲು ಶುರು ಮಾಡಿದ ಹೊಸದರಲ್ಲಿ 'ಮಹಕಮ' ಪದವನ್ನು ನಿಘಂಟಿನ 'ಮ' ಅಕ್ಷರದಲ್ಲಿ ಹುಡುಕಿ ಹುಡುಕಿ ಸುಸ್ತಾಗಿದ್ದೆ. ಸಿಗಲೇ ಇಲ್ಲ. ಅಚ್ಚಿನ ತಪ್ಪು ಅಂದುಕೊಂಡೆ. ಕಲಿಸುತ್ತಿದ್ದ ಮೇಷ್ಟ್ರು ನಕ್ಕು, ಪುಸ್ತಕ ತಿರುಗಿಸಿ 'ಹ' ಅಕ್ಷರಕ್ಕೆ ಹೋಗಿ, ಹ–ಕ–ಮ ಅನ್ನುವ ಕಂತೆಯ ಕೆಳಗಡೆ ತೋರಿಸಿದರು. ಅರಬ್ಬಿಯ ಹೆಚ್ಚಿನ ನಿಘಂಟುಗಳು ಹೀಗೇ. ಪದ ಹುಡುಕಬೇಕಾದರೆ ಮೊದಲು ಅದರ ಮಾಂಸ ತೆಗೆದು ಮೂಳೆ ಗುರುತಿಸಬೇಕು. ಬೇರು ಗೊತ್ತಿದ್ದರಷ್ಟೇ ಬಾಗಿಲು ತೆರೆಯುತ್ತದೆ.

ಬೇರಿನಷ್ಟೇ ಮುಖ್ಯವಾದದ್ದು ಅಚ್ಚು. ಮೂಳೆ ಮೂರು ವ್ಯಂಜನದ್ದು, ಅಚ್ಚು ಸ್ವರಗಳದ್ದು. ಇದನ್ನು ವಿವರಿಸಲು ಅರಬ್‌ ದೇಶಕ್ಕೆ ಹೋಗಬೇಕಾಗಿಲ್ಲ, ನಿಮ್ಮ ತಾಲ್ಲೂಕು ಕಚೇರಿಯೇ ಸಾಕು. ಈ ಪದಗಳನ್ನು ಸ್ವಲ್ಪ ಜೋರಾಗಿ ಓದಿ: ಹಾಜರು, ಜಾರಿ, ಬಾಕಿ, ಖಾಲಿ, ರಾಜಿ, ದಾಖಲು, ಕಾಯಂ, ಜಾಹೀರು. ಕಿವಿಗೆ ಏನೋ ಒಂದೇ ತಾಳ ಕೇಳಿಸುತ್ತದೆ ಅಲ್ವಾ? ಎಲ್ಲದರಲ್ಲೂ ಮೊದಲು ದೀರ್ಘ 'ಆ'. ಆಮೇಲೆ ಬರಬೇಕಾದ 'ಇ' ನಮ್ಮ ಬಾಯಲ್ಲಿ ಕೆಲವು ಕಡೆ ಸವೆದು 'ಅ' ಆಗಿದೆ, ಇನ್ನು ಕೆಲವು ಕಡೆ ಹಾಗೇ ಉಳಿದಿದೆ. ಇದು ಅರಬ್ಬಿಯ ಕರ್ತೃವಿನ ಅಚ್ಚು, ಅಂದರೆ 'ಮಾಡುವವನು' ಅನ್ನುವ ಅಚ್ಚು. ಜಾರಿ ಅಂದರೆ ಹರಿಯುತ್ತಿರುವುದು. ಬಾಕಿ ಅಂದರೆ ಉಳಿದಿರುವುದು. ದಾಖಲು ಅಂದರೆ ಒಳಗೆ ಬಂದದ್ದು. ಕಾಯಂ ಅಂದರೆ ನಿಂತಿರುವುದು. ಈ ಅಚ್ಚಿಗೆ ಹ–ಕ–ಮ ಸುರಿದರೆ ಹಾಕಿಮ್, ಆಳುವವನು.

ಇನ್ನೊಂದು ಸಾಲು ನೋಡಿ: ಮಂಜೂರು, ಮಾಮೂಲು, ಮಹಸೂಲು, ಮಜಕೂರು. ಮುಂದೆ 'ಮ', ಕೊನೆಯ ಹತ್ತಿರ 'ಊ'. ಇದು ಕರ್ಮದ ಅಚ್ಚು, 'ಮಾಡಲ್ಪಟ್ಟದ್ದು'. ಮಂಜೂರು ಅಂದರೆ ನೋಡಲ್ಪಟ್ಟದ್ದು. ನಜರು ಅನ್ನುವ ಪದವೂ ಅದೇ ಬೇರಿನದು. ಮೇಲಿನವರ ನಜರಿಗೆ ಬಿದ್ದು ಒಪ್ಪಿಗೆಯಾದರೆ ಮಂಜೂರು. ಮಾಮೂಲು ಅಂದರೆ ಮಾಡುತ್ತಾ ಬಂದದ್ದು. ಅದರ ಬೇರಿನಿಂದಲೇ ಅಮಲು, ಅಮಲ್ದಾರ ಎರಡೂ ಬಂದಿವೆ. ಅಮಲ್ದಾರರಿಗೂ ಮಾಮೂಲಿಗೂ ಈ ನಂಟು ನಾನು ಕಟ್ಟಿದ್ದಲ್ಲ, ವ್ಯಾಕರಣ ಕಟ್ಟಿದ್ದು! ಇದೇ ಅಚ್ಚಿನಲ್ಲಿ ಹ–ಕ–ಮ ಹಾಕಿದರೆ ಮಹಕೂಮ್.

ಹುಕುಂ ಪದದ ಅಚ್ಚು ಚಿಕ್ಕದು. ಮೂಲದಲ್ಲಿ ಅದು ಹುಕ್ಮ್, ಕೊನೆಯಲ್ಲಿ ಎರಡು ವ್ಯಂಜನ ಒಟ್ಟಿಗೆ. ದಖ್ಖನಿನ ನಾಲಿಗೆಗೆ ಅದು ಒಗ್ಗಲಿಲ್ಲ. ನಡುವೆ ಒಂದು 'ಉ' ಸೇರಿಸಿ ಹುಕುಂ ಅಂದರು. ಜುಲ್ಮ್ ಅನ್ನುವುದು ಜುಲುಂ ಆಗಿ, ಕನ್ನಡದಲ್ಲಿ ಜುಲುಮೆ ಆದದ್ದೂ ಇದೇ ದಾರಿಯಲ್ಲಿ. ಹುಕ್ಮ್, ಜುಲ್ಮ್ ಎರಡೂ ಒಂದೇ ಅಚ್ಚಿನವು. ಬೇರು ಮಾತ್ರ ಬೇರೆ ಬೇರೆ.

ಈಗ ಕಡಿವಾಣದ ವಿಷಯ. ನಿಮಗೆ ಹೇಳಿದವರು ಗಾಳಿಯಲ್ಲಿ ಗುಂಡು ಹೊಡೆದಿಲ್ಲ. ಅರಬ್ಬಿಯಲ್ಲಿ 'ಹಕಮ' ಅನ್ನುವ ಪದ ಇದೆ. ಕುದುರೆಯ ಕಡಿವಾಣದಲ್ಲಿ ಅದರ ದವಡೆಯನ್ನು ಸುತ್ತಿ ಹಿಡಿಯುವ ಭಾಗ ಅದು. 1004ರಲ್ಲಿ ತೀರಿಕೊಂಡ ಇಬ್ನ್ ಫಾರಿಸ್ ಅನ್ನುವ ನಿಘಂಟುಕಾರ ಬೇರುಗಳಿಗೆ ಮೂಲ ಅರ್ಥ ಹುಡುಕುವುದನ್ನೇ ಒಂದು ದೊಡ್ಡ ಕೆಲಸವಾಗಿ ಮಾಡಿದವನು. ಹ–ಕ–ಮ ಬಗ್ಗೆ ಅವನು ಹೇಳುವುದು ಒಂದೇ ಮಾತು: ಇದಕ್ಕೆ ಮೂಲ ಒಂದು, ಅದು ತಡೆಯುವುದು. ಹುಕ್ಮ್ ಅಂದರೆ ಅನ್ಯಾಯವನ್ನು ತಡೆಯುವುದು. ಕಡಿವಾಣ ಕುದುರೆಯನ್ನು ತಡೆಯುತ್ತದೆ. ಹಿಕ್ಮ, ಅಂದರೆ ವಿವೇಕ, ಮನುಷ್ಯ ಮೂರ್ಖತನಕ್ಕೆ ಇಳಿಯದಂತೆ ತಡೆಯುತ್ತದೆ.

ಇದಕ್ಕೆ ಹಳೆಯ ಕಾವ್ಯದ ಸಾಕ್ಷಿಯೂ ಇದೆ. ಎಂಟನೇ ಶತಮಾನದ ಶುರುವಿನವರೆಗೆ ಬದುಕಿದ್ದ ಜರೀರ್ ಅನ್ನುವ ಕವಿ ಬೈಗುಳದ ಕವಿತೆಗೆ ಹೆಸರುವಾಸಿ. ಬನೂ ಹನೀಫ ಅನ್ನುವ ಕುಲದವರಿಗೆ ಅವನು ಹೀಗೆ ಎಚ್ಚರಿಕೆ ಕೊಡುತ್ತಾನೆ: ನಿಮ್ಮಲ್ಲಿರುವ ಅವಿವೇಕಿಗಳನ್ನು ಹಿಡಿದು ನಿಲ್ಲಿಸಿ, ನನಗೆ ಸಿಟ್ಟು ಬಂದರೆ ನಿಮ್ಮ ಗತಿ ಏನಾದೀತೋ ಅಂತ ನನಗೇ ಭಯ. ಇಲ್ಲಿ 'ಹಿಡಿದು ನಿಲ್ಲಿಸಿ' ಅನ್ನಲು ಅವನು ಬಳಸಿದ್ದು ಹ–ಕ–ಮ ಬೇರಿನ ಕ್ರಿಯಾಪದವನ್ನೇ. ಆಜ್ಞೆ ಮಾಡಿ ಅಂತ ಅಲ್ಲ, ತೀರ್ಪು ಕೊಡಿ ಅಂತಲೂ ಅಲ್ಲ. ಲಗಾಮು ಹಾಕಿ ಅಂತ. ನಾವೂ ನಾಲಿಗೆಗೆ ಲಗಾಮು ಇರಲಿ ಅಂತೀವಲ್ಲ, ಹಾಗೆ. ನಿಘಂಟುಕಾರರು ಈ ಸಾಲನ್ನು ಬಿಡದೆ ಉದಾಹರಿಸುತ್ತಾರೆ.

ಇಷ್ಟಕ್ಕೇ ನಿಲ್ಲಿಸಿದರೆ ಕಥೆ ಚೆನ್ನಾಗಿರುತ್ತದೆ. ಆದರೆ ನನಗೆ ಒಂದು ಅನುಮಾನ ಇದೆ, ಅದನ್ನು ಮುಚ್ಚಿಡುವುದಿಲ್ಲ.

ಅರಬ್ಬಿಗೆ ಅಕ್ಕತಂಗಿಯರಿದ್ದಾರೆ. ಹೀಬ್ರೂ, ಅರಮಾಯಿಕ್, ಅಕ್ಕಾಡಿಯನ್ ಎಲ್ಲ ಒಂದೇ ಸೆಮಿಟಿಕ್ ಕುಟುಂಬ. ಈ ಬೇರು ಅವುಗಳಲ್ಲೂ ಇದೆ. ಹೀಬ್ರೂವಿನಲ್ಲಿ 'ಹಾಖಾಮ್' ಅಂದರೆ ಜ್ಞಾನಿ, 'ಹೊಖ್ಮಾ' ಅಂದರೆ ಜ್ಞಾನ. ಅಕ್ಕಾಡಿಯನ್‌ನಲ್ಲಿ ಇದೇ ಬೇರಿನ ಕ್ರಿಯಾಪದಕ್ಕೆ ಅರ್ಥ ತಿಳಿಯುವುದು, ಗ್ರಹಿಸುವುದು. ಸಿರಿಯಾದ ಕಡಲ ತೀರದ ಉಗಾರಿಟ್ ಅನ್ನುವ ಹಳೆಯ ಊರಿನಲ್ಲಿ ಸಿಕ್ಕ ಮಣ್ಣಿನ ಹಲಗೆಗಳಿಗೆ 3,000 ವರ್ಷಕ್ಕೂ ಜಾಸ್ತಿ ವಯಸ್ಸು. ಅದರಲ್ಲಿ ಎಲ್ ಅನ್ನುವ ದೇವರ ಮಾತನ್ನು ಹೊಗಳುವಾಗ 'ವಿವೇಕದ್ದು' ಅನ್ನಲು ಬಂದಿರುವುದು ಇದೇ ಹ–ಕ–ಮ. ಇಲ್ಲೆಲ್ಲ ಕುದುರೆಯೂ ಇಲ್ಲ, ಕಡಿವಾಣವೂ ಇಲ್ಲ. ತಿಳಿವಳಿಕೆ ಇದೆ.

ಹಾಗಾಗಿ ನನ್ನ ಲೆಕ್ಕ ಹೀಗಿದೆ. ಕುಟುಂಬದ ಹಳೆಯ ಅರ್ಥ 'ತಿಳಿಯುವುದು'. ತಿಳಿದವನ ಹತ್ತಿರ ಜನ ನ್ಯಾಯ ಕೇಳಲು ಹೋಗುತ್ತಾರೆ. ನ್ಯಾಯ ಹೇಳಿದವನ ಮಾತು ಆಜ್ಞೆಯಾಗುತ್ತದೆ. ಆಜ್ಞೆ ತಡೆಯುತ್ತದೆ. ತಡೆಯುವ ಪಟ್ಟಿಗೂ ಅದೇ ಹೆಸರು ಬರುತ್ತದೆ. ಇಬ್ನ್ ಫಾರಿಸ್ ಈ ಸರಪಳಿಯನ್ನು ಬಾಲದ ಕಡೆಯಿಂದ ಹಿಡಿದ. ಅವನ ಮುಂದೆ ಅರಬ್ಬಿ ಮಾತ್ರ ಇತ್ತು. ಉಗಾರಿಟ್ ಹಲಗೆಗಳು ಮಣ್ಣಿನಡಿಯಿಂದ ಮೇಲೆ ಬಂದದ್ದು 1929ರಲ್ಲಿ. ಅದರಲ್ಲಿ ಅವನ ತಪ್ಪೇನಿಲ್ಲ. ಆದರೆ 'ಹುಕುಂ ಪದದ ಮೂಲ ಕಡಿವಾಣ' ಅಂತ ಈಗ ಗಟ್ಟಿಯಾಗಿ ಹೇಳಿದರೆ ನಾನು ತಲೆಯಾಡಿಸಲಾರೆ. ಕಡಿವಾಣ ಆ ಮನೆಯ ಒಬ್ಬ ಸದಸ್ಯ. ಹಿರಿಯ ಅಂತ ಅನ್ನಿಸುವುದಿಲ್ಲ.

ಪ್ರತಿ ಬೇರಿಗೂ ಒಂದೇ ಅರ್ಥ ಅನ್ನುವ ಮಾತಿಗೂ ಇಲ್ಲೇ ಉತ್ತರ ಇದೆ. ಒಂದೇ ಮೂಲಕ್ಕೆ ತರಲು ಅಷ್ಟೊಂದು ಹೆಣಗಿದ ಇಬ್ನ್ ಫಾರಿಸ್ ಕೂಡ ಎಷ್ಟೋ ಬೇರುಗಳಿಗೆ ಎರಡು ಮೂಲ, ಮೂರು ಮೂಲ ಅಂತ ಬರೆದು ಕೈಬಿಟ್ಟಿದ್ದಾನೆ. ಬೇರೆ ಬೇರೆ ಕಡೆಯಿಂದ ಬಂದ ಪದಗಳು ಕಾಲಾಂತರದಲ್ಲಿ ಒಂದೇ ಮೂರು ವ್ಯಂಜನಕ್ಕೆ ಬಂದು ಕೂತಿರಬಹುದು. ನಮ್ಮ 'ಕಾಲು' ದೇಹದ ಭಾಗವೂ ಹೌದು, ನಾಲ್ಕರಲ್ಲಿ ಒಂದು ಪಾಲೂ ಹೌದು. ಅವೆರಡನ್ನು ಸೇರಿಸಿ ತತ್ವ ಹೇಳಲು ಹೊರಟವರನ್ನು ಕಂಡರೆ ನಗು ಬರುತ್ತೆ ಅಲ್ವಾ? ಅರಬ್ಬಿ ಬೇರುಗಳ ವಿಷಯದಲ್ಲಿ ಅದೇ ಕೆಲಸವನ್ನು ದೊಡ್ಡ ದೊಡ್ಡವರೂ ಮಾಡುತ್ತಾರೆ.

ಈಗ ಹಕ್ಕಿನ ಸಂಗತಿಗೆ ಬರುತ್ತೇನೆ. ಅರಬ್ಬಿಯಲ್ಲಿ ಎರಡು 'ಕ' ಇವೆ. ಒಂದು ನಮ್ಮ 'ಕ' ಹಾಗೆಯೇ. ಇನ್ನೊಂದು ಗಂಟಲಿನ ಹಿಂದೆ, ಕಿರುನಾಲಿಗೆಯ ಹತ್ತಿರ ಹುಟ್ಟುವ 'ಕ'. ತಮಾಷೆ ಏನೆಂದರೆ ಆ ಎರಡು ಅಕ್ಷರಗಳ ಹೆಸರನ್ನು ಕನ್ನಡದಲ್ಲಿ ಬರೆದರೆ ಎರಡೂ 'ಕಾಫ್' ಅಂತಲೇ ಆಗುತ್ತವೆ. ಹುಕುಂ ಪದದಲ್ಲಿರುವುದು ಮೊದಲನೆಯ ಕಾಫ್. ಹಕ್ಕು ಪದದಲ್ಲಿರುವುದು ಗಂಟಲಿನ ಕಾಫ್, ಅದೂ ಎರಡು ಸಲ. ಅದರ ಬೇರು ಹ–ಕ–ಕ. ಆ ಬೇರಿನ ಅರ್ಥ ನಿಜ, ನ್ಯಾಯವಾಗಿ ಸಲ್ಲಬೇಕಾದದ್ದು. ಹಕೀಕತ್ತು ಆ ಮನೆಯದು. ಅರಬ್ಬರ ಕಿವಿಗೆ ಹುಕ್ಮ್ ಮತ್ತು ಹಕ್ಕ್ ನಮ್ಮ ಕಿವಿಗೆ 'ಬಳ್ಳಿ' ಮತ್ತು 'ಬಲ್ಲೆ' ಇದ್ದಷ್ಟು ದೂರ.

'ಹ'ದಲ್ಲೂ ಇದೇ ಪಾಡು. ಅವರಿಗೆ ಎರಡು 'ಹ'. ಒಂದು ನಮ್ಮದೇ. ಇನ್ನೊಂದು, ಕನ್ನಡಕದ ಗಾಜು ಒರೆಸುವ ಮುಂಚೆ ಅದರ ಮೇಲೆ 'ಹಾ' ಅಂತ ಉಸಿರು ಬಿಡುತ್ತೀವಲ್ಲ, ಆ ಬಿಗಿಯಾದ 'ಹ'. ಹುಕುಂ, ಹಕ್ಕು, ಹಾಲಿ ಶಾಸಕರ 'ಹಾಲಿ', ಎಲ್ಲ ಈ ಕನ್ನಡಕದ 'ಹ'. ಹವಾಮಾನದ 'ಹವಾ' ನಮ್ಮ ಸಾದಾ 'ಹ'. ಆದರೆ ಹವಾಲಾ ಮತ್ತೆ ಕನ್ನಡಕದ 'ಹ'. ಕನ್ನಡದಲ್ಲಿ ಹವಾ, ಹವಾಲಾ ಎರಡನ್ನೂ ಪಕ್ಕಪಕ್ಕ ಬರೆದು, ಹವಾಲಾ ಹಣ ಗಾಳಿಯಲ್ಲಿ ಹೋಗುತ್ತೆ ಅದಕ್ಕೇ ಆ ಹೆಸರು ಅಂತ ವಿವರಿಸಿದವರನ್ನು ನಾನು ಕಂಡಿದ್ದೇನೆ. ಕೇಳಲು ಸೊಗಸು, ನಿಜ ಅಲ್ಲ. ಹವಾಲಾ ಅಂದರೆ ಒಬ್ಬರಿಂದ ಇನ್ನೊಬ್ಬರಿಗೆ ವಹಿಸಿಕೊಡುವುದು.

ಹಕ್ಕು ಪದದಲ್ಲಿ ಒತ್ತಕ್ಷರ ಇರುವುದು ಅರಬ್ಬಿಯ ಇಮ್ಮಡಿ ಕಾಫನ್ನು ನಾವು ಜೋಪಾನ ಮಾಡಿದ್ದಕ್ಕಾ ಅಂತ ನಿಮ್ಮ ಮಗಳು ಕೇಳಬಹುದು. ನನಗೆ ಹಾಗನ್ನಿಸುವುದಿಲ್ಲ. ನಾವು ಬಸ್ ಅನ್ನು ಬಸ್ಸು ಮಾಡಿದವರು, ಪೆನ್ ಅನ್ನು ಪೆನ್ನು ಮಾಡಿದವರು. ಹಕ್ ಅಂತ ಬಂದಿದ್ದರೂ ಹಕ್ಕು ಅಂತಲೇ ಅನ್ನುತ್ತಿದ್ದೆವು. ಹಿಂದಿಯವರು ಒಂದೇ 'ಕ' ಉಳಿಸಿಕೊಂಡು 'ಹಕ್' ಅನ್ನುವಾಗ, ನಾವು ಗೊತ್ತಿಲ್ಲದೆಯೇ ಮೂಲಕ್ಕೆ ಹತ್ತಿರ ಹೋಗಿಬಿಟ್ಟಿದ್ದೇವೆ.

ಈ ಎರಡು ಬೇರುಗಳು ಬೇರೆ ಬೇರೆ ಅನ್ನುವುದಕ್ಕೆ ಚರಿತ್ರೆಯಲ್ಲೇ ಒಂದು ಸನ್ನಿವೇಶ ಇದೆ. 657ನೇ ಇಸವಿ. ಯೂಫ್ರಟಿಸ್ ನದಿಯ ದಡದಲ್ಲಿ ಸಿಫ್ಫೀನ್ ಅನ್ನುವ ಜಾಗ. ಒಂದು ಕಡೆ ಖಲೀಫ ಅಲಿಯ ಸೈನ್ಯ, ಇನ್ನೊಂದು ಕಡೆ ಸಿರಿಯಾದ ಅಧಿಪತಿ ಮುಆವಿಯನ ಸೈನ್ಯ. ಯುದ್ಧ ಮುಗಿಯದೆ, ಕೊನೆಗೆ ಎರಡೂ ಕಡೆಯಿಂದ ಒಬ್ಬೊಬ್ಬ ಹಕಮ್, ಅಂದರೆ ಮಧ್ಯಸ್ಥ, ಕೂತು ತೀರ್ಮಾನಿಸಲಿ ಅಂತ ಆಯಿತು. ಅಲಿಯ ಕಡೆಯಿಂದ ಅಬೂ ಮೂಸಾ, ಮುಆವಿಯನ ಕಡೆಯಿಂದ ಅಮ್ರ್ ಇಬ್ನ್ ಅಲ್ ಆಸ್. ಈ ಏರ್ಪಾಟಿಗೆ ಅರಬ್ಬಿಯಲ್ಲಿ 'ತಹಕೀಮ್' ಅಂತ ಹೆಸರು. ಅದೇ ಹ–ಕ–ಮ, ಇನ್ನೊಂದು ಅಚ್ಚು. ನಮ್ಮ ತಾಕೀದು, ತಪಶೀಲು, ತಾಲೀಮು ಎರಕವಾದ ಅಚ್ಚೂ ಅದೇ.

ಅಲಿಯ ಸೈನ್ಯದಲ್ಲೇ ಒಂದು ಗುಂಪು ಸಿಟ್ಟಿಗೆದ್ದಿತು. ಮನುಷ್ಯರು ಯಾರ್ರೀ ತೀರ್ಪು ಕೊಡೋದಕ್ಕೆ? 'ಲಾ ಹುಕ್ಮ ಇಲ್ಲಾ ಲಿಲ್ಲಾಹ್' ಅಂತ ಕೂಗಿದರು. ಹುಕುಂ ಅಲ್ಲಾಹನದು ಮಾತ್ರ, ಬೇರೆ ಯಾರದ್ದೂ ಅಲ್ಲ. ಇವರೇ ಮುಂದೆ ಖವಾರಿಜ್ ಅನ್ನಿಸಿಕೊಂಡವರು. ಅದಕ್ಕೆ ಅಲಿ ಕೊಟ್ಟ ಉತ್ತರ ಅರಬ್ಬಿಯಲ್ಲಿ ಗಾದೆಯಂತೆ ಉಳಿದುಬಿಟ್ಟಿದೆ: ಮಾತು 'ಹಕ್ಕ್'ನದೇ, ಆದರೆ ಅದರಿಂದ ಸಾಧಿಸಲು ಹೊರಟಿರುವುದು ಸುಳ್ಳು. ಅಂದರೆ ಹೇಳುವ ಮಾತು ನಿಜ, ಹೇಳುವ ಉದ್ದೇಶ ಕೆಟ್ಟದ್ದು. ಅವರು ಹುಕ್ಮ್ ಅಂತ ಕೂಗಿದರು, ಇವನು ಹಕ್ಕ್ ಅಂತ ತೂಗಿ ನೋಡಿದ. ಎರಡು ಪದವೂ ಒಂದೇ ಜಗಳದಲ್ಲಿ ಎದುರುಬದುರು ನಿಂತಿವೆ.

ಹಕೀಮನ ಕಥೆ ಇದಕ್ಕಿಂತ ತಣ್ಣಗಿದೆ. ಹಾಕಿಮ್, ಹಕೀಮ್ ನಡುವೆ ಇರುವ ವ್ಯತ್ಯಾಸ ಒಂದು ದೀರ್ಘ ಸ್ವರದ ಜಾಗ. ಮೊದಲನೆಯದರಲ್ಲಿ ದೀರ್ಘ ಮುಂದೆ, ಎರಡನೆಯದರಲ್ಲಿ ಹಿಂದೆ. ಹಾಕಿಮ್ ಅಂದರೆ ಆ ಕೆಲಸ ಮಾಡುವವನು. ಹಕೀಮ್ ಅಂದರೆ ಆ ಗುಣ ಮೈಗೂಡಿದವನು. ಕುರ್ಚಿಯಿಂದ ಇಳಿಸಿದರೆ ಹಾಕಿಮ್ ಹಾಕಿಮ್ ಆಗಿ ಉಳಿಯುವುದಿಲ್ಲ. ಹಕೀಮನಿಗೆ ಕುರ್ಚಿಯೇ ಬೇಕಾಗಿಲ್ಲ. ಕುರ್‌ಆನ್‌ನಲ್ಲಿ ಅಲ್ಲಾಹನಿಗೆ ಮತ್ತೆ ಮತ್ತೆ ಬರುವ ಹೆಸರುಗಳಲ್ಲಿ ಅಲ್ ಹಕೀಮ್ ಒಂದು. ಲುಕ್ಮಾನ್ ಅನ್ನುವ ವಿವೇಕಿಗೆ ಹಿಕ್ಮ ಕೊಟ್ಟೆವು ಅಂತಲೂ ಅಲ್ಲಿದೆ.

ಹಾಗಾದರೆ ಈ ವಿವೇಕಿ ನಾಡಿ ನೋಡುವವನಾದದ್ದು ಹೇಗೆ? ಅರಬ್ಬಿಯಲ್ಲಿ ವೈದ್ಯನಿಗೆ ಖಾಸಾ ಪದ 'ತಬೀಬ್'. ಆದರೆ ಗ್ರೀಕರ ತತ್ವಶಾಸ್ತ್ರ, ಗಣಿತ, ವೈದ್ಯ ಎಲ್ಲ ಅರಬ್ಬಿಗೆ ಒಟ್ಟಿಗೇ ಬಂದವು. ಓದಿದವರು ಎಲ್ಲವನ್ನೂ ಒಟ್ಟಿಗೇ ಓದಿದರು. ಇಬ್ನ್ ಸೀನಾ ಅಂಥವನು, 980ರಲ್ಲಿ ಹುಟ್ಟಿ 1037ರಲ್ಲಿ ತೀರಿಕೊಂಡ. ಅವನು ತತ್ವಜ್ಞಾನಿಯಾ ವೈದ್ಯನಾ ಅಂತ ಕೇಳಿದರೆ ಎರಡೂ ಹೌದು. ಊರಿನ ಜನಕ್ಕೆ ಅವನ ತರ್ಕಶಾಸ್ತ್ರದಿಂದ ಏನಾಗಬೇಕು? ಜ್ವರ ಬಂದಾಗ ಹೋಗಿ ಬಾಗಿಲು ತಟ್ಟುತ್ತಿದ್ದರು. ಹಕೀಮ್ ಅನ್ನುವ ದೊಡ್ಡ ಪದ ನಿಧಾನವಾಗಿ ಮದ್ದು ಕೊಡುವವನಿಗೆ ಅಂಟಿಕೊಂಡಿತು.

ಇದು ವಿಚಿತ್ರ ಅನ್ನಿಸಿದರೆ ನಮ್ಮ 'ವೈದ್ಯ' ಪದ ನೋಡಿ. ಅದು ವಿದ್ಯೆಯಿಂದ ಬಂದದ್ದು, ವಿದ್ಯೆ ಉಳ್ಳವನು ಅಂತ. 'ಡಾಕ್ಟರ್' ಅನ್ನುವುದು ಲ್ಯಾಟಿನ್‌ನಲ್ಲಿ ಕಲಿಸುವವನು. ಮೂರು ಭಾಷೆಯ ಜನ ಮೂರು ದಿಕ್ಕಿನಲ್ಲಿ ಕೂತು, ಓದಿದವನ ಹತ್ತಿರ ಹೊಟ್ಟೆನೋವು ಹೇಳಿಕೊಂಡಿದ್ದಾರೆ.

ತುರ್ಕಿಯವರು ಈ ಮನೆಯನ್ನು ಅಚ್ಚುಕಟ್ಟಾಗಿ ಪಾಲು ಮಾಡಿಕೊಂಡರು. ಅವರಲ್ಲಿ ಹೆಕಿಮ್ ಅಂದರೆ ವೈದ್ಯ, ಹಾಕಿಮ್ ಅಂದರೆ ನ್ಯಾಯಾಧೀಶ, ಹಕೆಮ್ ಅಂದರೆ ಆಟದ ರೆಫರಿ. ಇಥಿಯೋಪಿಯಾದ ಅಮ್ಹಾರಿಕ್‌ನಲ್ಲಿ ಹಕೀಮ್ ವೈದ್ಯ. ಇಂಡೋನೇಷ್ಯಾದಲ್ಲಿ ಹಕಿಮ್ ಅಂದರೆ ನ್ಯಾಯಾಧೀಶ, ಹುಕುಮ್ ಅಂದರೆ ಕಾನೂನು; ಅಲ್ಲಿ ಜಡ್ಜ್ ಹತ್ತಿರ ಕೆಮ್ಮಿಗೆ ಮದ್ದು ಕೇಳಬಾರದು ಅಷ್ಟೇ. ಉರ್ದುವಿನಲ್ಲಿ ಮಹಕಮಾ ಇನ್ನೂ ಸರಿದು, ನ್ಯಾಯಾಲಯ ಹೋಗಿ ಸರ್ಕಾರಿ ಇಲಾಖೆ ಆಗಿದೆ. ಅದೇ ಉರ್ದು, ಹಿಂದಿಯಲ್ಲಿ ಇಸ್ಪೀಟು ಆಡುವವರು ಇಸ್ಪೇಟಿನ ಎಕ್ಕಕ್ಕೆ 'ಹುಕುಮ್ ಕಾ ಇಕ್ಕಾ' ಅನ್ನುತ್ತಾರೆ.

ಕನ್ನಡಕ್ಕೆ ಇವು ನೇರವಾಗಿ ಅರಬ್ಬಿಯಿಂದ ಬಂದದ್ದು ಕಡಿಮೆ. ನಡುವೆ ಪರ್ಷಿಯನ್ ಇದೆ. 1347ರಲ್ಲಿ ಬಹಮನಿಗಳು ಶುರುವಾದ ಮೇಲೆ ಕಲಬುರಗಿ, ಬೀದರ್, ಆಮೇಲೆ 1686ರವರೆಗೆ ಬಿಜಾಪುರದ ಆದಿಲಶಾಹಿ, ಅತ್ತ ಮೈಸೂರಿನಲ್ಲಿ ಹೈದರ್, ಟಿಪ್ಪು. ಕಂದಾಯದ ಲೆಕ್ಕ, ಆಜ್ಞೆ, ಸನದು ಎಲ್ಲದರ ಭಾಷೆ ಪರ್ಷಿಯನ್ನಿನ ನೆರಳಿನಲ್ಲಿತ್ತು. ಬರೆಯುತ್ತಿದ್ದ ಶಾನುಭೋಗರು, ಕುಲಕರ್ಣಿಗಳು ಮನೆಯಲ್ಲಿ ಕನ್ನಡವನ್ನೋ ಮರಾಠಿಯನ್ನೋ ಆಡುತ್ತಿದ್ದವರು. ಅವರ ಲೇಖನಿಯಿಂದ ರೈತರ ಬಾಯಿಗೆ ಈ ಪದಗಳು ಇಳಿದವು. ಪದ್ಯದಿಂದ ಬಂದಿದ್ದರೆ ಬೇರೆ ಪದಗಳು ಬರುತ್ತಿದ್ದವೋ ಏನೋ. ನಮಗೆ ಬಂದದ್ದು ಕಚೇರಿಯ ಬಾಗಿಲಿನಿಂದ. ಆದ್ದರಿಂದ ಹ–ಕ–ಮ ಮನೆಯಲ್ಲಿ ನಮಗೆ ಚೆನ್ನಾಗಿ ಗೊತ್ತಿರುವವನು ಹುಕುಂ. ಹಕೀಮ ಯುನಾನಿ ಔಷಧದ ಜೊತೆ ಬಂದ.

ಹಿಕ್ಮತ್ತು ಅಂತಲೂ ಒಂದು ಪದ ಕನ್ನಡದಲ್ಲಿ ಇದೆ. ಪರ್ಷಿಯನ್ನಿನಲ್ಲಿ ಅದು ಹಿಕ್ಮತ್, ಶುದ್ಧ ವಿವೇಕ. ಬಾಗ್ದಾದಿನಲ್ಲಿ ಅಬ್ಬಾಸಿ ಖಲೀಫರ ಕಾಲದ ಹೆಸರಾಂತ ಗ್ರಂಥಾಲಯಕ್ಕೆ ಬೈತುಲ್ ಹಿಕ್ಮ, ಹಿಕ್ಮದ ಮನೆ, ಅಂತ ಹೆಸರಿತ್ತು. ಕೈರೋದಲ್ಲಿ 1005ರಲ್ಲಿ ಅಂಥದ್ದೇ ದಾರುಲ್ ಹಿಕ್ಮ ಕಟ್ಟಿಸಿದ ಖಲೀಫನ ಹೆಸರು ಅಲ್ ಹಾಕಿಮ್. ಬೇರು ಒಂದೇ, ಕಟ್ಟಿಸಿದವನದೂ ಕಟ್ಟಡದ್ದೂ! ಆದರೆ ಕನ್ನಡದಲ್ಲಿ 'ಏನೋ ಹಿಕ್ಮತ್ತು ಮಾಡಿದ್ದಾನೆ' ಅಂದರೆ ಕಿತಾಪತಿ, ಒಳತಂತ್ರ. ಬಾಗ್ದಾದಿನ ವಿವೇಕ ನಮ್ಮ ಊರಿಗೆ ಬರುವಷ್ಟರಲ್ಲಿ ಚಾಲಾಕಿಯಾಗಿದೆ. ಇದರಲ್ಲಿ ನಾವು ಒಂಟಿಯಲ್ಲ. ಹೀಬ್ರೂವಿನ ಹೊಖ್ಮಾ ಯೂರೋಪಿನ ಯಹೂದಿಗಳ ಯಿಡ್ಡಿಶ್ ಭಾಷೆಗೆ ಹೋಗಿ 'ಖೋಖ್ಮೆ' ಆಯಿತು. ಅಲ್ಲಿ ಅದಕ್ಕೆ ಜ್ಞಾನ ಅನ್ನುವ ಅರ್ಥದ ಜೊತೆ ಕುಚೋದ್ಯದ ಮಾತು ಅನ್ನುವ ಅರ್ಥವೂ ಇದೆ.

ಆಜ್ಞೆ ಮತ್ತು ಅರಿವು ಒಂದೇ ಬೇರಿನಲ್ಲಿ ಹೇಗೆ ಇರುತ್ತವೆ ಅಂತ ನಿಮ್ಮ ಮಗಳು ಇನ್ನೂ ಒಪ್ಪದಿದ್ದರೆ ಸಂಸ್ಕೃತದ 'ಶಾಸ್' ಧಾತು ತೋರಿಸಿ. ಅದರಿಂದ ಶಾಸನ ಬಂತು, ಆಜ್ಞೆ. ಶಾಸ್ತ್ರ ಬಂತು, ಅರಿವು. ಶಿಷ್ಯನೂ ಅದೇ ಧಾತುವಿನವನು. ಶಾಸಕರೂ ಅಲ್ಲಿಯವರೇ. ಬಗರ್ ಹುಕುಂ ಸಕ್ರಮ ಸಮಿತಿಗೆ ಅಧ್ಯಕ್ಷರಾಗಿ ಕೂರುವುದು ಶಾಸಕರು ಅಲ್ವಾ? ಹುಕುಂ ಇಲ್ಲದ ಸಾಗುವಳಿಗೆ ಹುಕುಂ ಕೊಡುವ ಕುರ್ಚಿಯಲ್ಲಿ 'ಶಾಸ್' ಧಾತು ಕೂತಿದೆ.

ಕೊನೆಯದಾಗಿ 'ಬಗರ್'. ಇದು ಎರಡು ತುಂಡು. 'ಬ' ಅನ್ನುವುದು ಪರ್ಷಿಯನ್. 'ಗೈರ್' ಅನ್ನುವುದು ಅರಬ್ಬಿ, ಬೇರೆಯದು, ಅಲ್ಲದ್ದು ಅಂತ ಅರ್ಥ. ಸೇರಿಸಿದರೆ ಬಗೈರ್, ಅಂದರೆ ಇಲ್ಲದೆ. ಶಾಲೆಯ ಹಾಜರಿ ಪುಸ್ತಕದಲ್ಲಿ ಗೈರುಹಾಜರು ಅಂತ ಬರೆಯುತ್ತಾರಲ್ಲ, ಆ ಗೈರೇ ಈ ಗೈರು. ಹುಕುಂ ಇಲ್ಲದೆ ಉಳುತ್ತಿರುವ ಸರ್ಕಾರಿ ಜಮೀನು ಬಗೈರ್ ಹುಕುಂ. ಬಾಯಲ್ಲಿ 'ಐ' ಸವೆದು ಬಗರ್ ಆಗಿದೆ. ಮೂಲಕ್ಕೆ ಹತ್ತಿರದ್ದು ಯಾವುದು ಅಂದರೆ ಬಗೈರ್. ಕನ್ನಡದಲ್ಲಿ ರೂಢಿಯಾದದ್ದು ಯಾವುದು ಅಂದರೆ ಬಗರ್. ಎರಡನೆಯದನ್ನು ತಪ್ಪು ಅನ್ನಲು ನನಗೆ ಕಾರಣ ಕಾಣುವುದಿಲ್ಲ. ಹುಕ್ಮ್ ಅನ್ನು ಹುಕುಂ ಮಾಡಿದ ಮೇಲೆ ಬಗೈರ್‌ಗೆ ಮಾತ್ರ ಯಾಕೆ ಮಡಿ?

ಒಂದು ಮಾತು. ನಿಮ್ಮ ತಂದೆಯವರ ಕಡತ ಇನ್ನೂ ಇತ್ಯರ್ಥ ಆಗದೆ ಓಡಾಡುತ್ತಿದ್ದರೆ, ಹೊಸ ಮನವಿಯಲ್ಲಿ ಸುಮ್ನೆ ಬಗರ್ ಹುಕುಂ ಅಂತಲೇ ಬರೆಯಿರಿ. ಹಳೆಯ ಅರ್ಜಿಯಲ್ಲಿ ಹೇಗಿದೆಯೋ ಹಾಗೆ. ಪದ ತಿದ್ದಿದ್ದಕ್ಕೆ ಕಡತ ತಾಳೆ ಆಗಲಿಲ್ಲ ಅಂತ ವಾಪಸ್ ಕಳಿಸಿದರೆ ಮತ್ತೆ ಬಸ್ಸು ಹತ್ತಬೇಕಾದವರು ನೀವು, ಇಬ್ನ್ ಫಾರಿಸ್ ಅಲ್ಲ.